ಬಿಚ್ಚದ ಎಡಗೈ

ತುಮಕೂರಿನಿಂದ ಗುಬ್ಬಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಅಕ್ಕತಂಗಿಯರಿಬ್ಬರು ಬಂದು ಕೂತರು. ಕಿವಿ ಕೊಡಬಾರದಿತ್ತು, ಕೊಟ್ಟೆ.

"ನಿದ್ದೆ ಬರ್ಲಿ ಅಂತ ಯೋಗದ ಕ್ಲಾಸಿಗೆ ಸೇರಿಸ್ದೆ. ಮಧ್ಯದಲ್ಲೇ ಎದ್ದು ಬಂದ್ಬುಟ್ಯಲ್ಲಕ್ಕ," ಎಂದಳು ತಂಗಿ.

"ಶವಾಸನ ಹಾಕ್ಸಿದ್ರು ಕಣೇ. ಕಾಲಿಂದ ಒಂದೊಂದೇ ಸಡಿಲ ಬುಡಿ ಅಂದ್ರು. ಮೈಯೆಲ್ಲಾ ಸಡಿಲ ಆಯ್ತು. ಈ ಎಡಗೈ ಮುಷ್ಟಿ ಮಾತ್ರ ಬಿಚ್ಚಲಿಲ್ಲ."

"ಮೇಷ್ಟ್ರಿಗೆ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ನನ್ ಮಗಳಿಗೆ ರಾತ್ರಿ ಹೊತ್ತು ಫಿಟ್ಸ್ ಬರೋದು, ನಂಗೆ ಎಚ್ಚರ ಆಗ್ಲಿ ಅಂತ ಸೆರಗಿನ ತುದಿ ಅವ್ಳ ಕೈಗೆ ಕಟ್ಟಿ, ಮಿಕ್ಕಿದ್ದನ್ನ ಈ ಕೈಲಿ ಹಿಡ್ಕೊಂಡು ಮಲಗ್ತಿದ್ದೆ ಅಂತಾನಾ?"

"ಪವಿತ್ರ ಹೋಗಿ ವರ್ಷ ಆಯ್ತಲ್ಲಕ್ಕ."

"ನಂಗೊತ್ತು. ಈ ಕೈಗೆ ಯಾರು ಹೇಳ್ತಾರೆ?"

ತಂಗಿ ಅಕ್ಕನ ಕಡೆ ತಿರುಗಿ ಕೂತಳು.

"ಸೆರಗು ಇಲ್ಲಿ ಕೊಡು. ಗುಬ್ಬಿ ಬರೋವರ್ಗೂ ನಾನ್ ಹಿಡ್ಕೊಂಡಿರ್ತೀನಿ. ನೀನು ಕಣ್ಮುಚ್ಚು."

ಅಕ್ಕ ಕಿಟಕಿಗೆ ಒರಗಿದಳು. ಮಲ್ಲಸಂದ್ರ ದಾಟುವಷ್ಟರಲ್ಲಿ ನಿದ್ದೆ ಹತ್ತಿತ್ತು. ಸೀಟಿನ ಸಂದಿಯಿಂದ ನೋಡಿದೆ, ಮಡಿಲಲ್ಲಿದ್ದ ಎಡಗೈ ಬಿಚ್ಚಿಕೊಂಡಿತ್ತು.

ಗುಬ್ಬಿ ಬಂತೆಂದು ಕಂಡಕ್ಟರ್ ಕೂಗಿದ. ಎಬ್ಬಿಸಲು ಮನಸ್ಸಾಗದೆ ತಂಗಿ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಸೆರಗನ್ನು ಮೆಲ್ಲಗೆ ಎಳೆದಳು.

"ಇಲ್ಲೇ ಇದೀನಿ ಕಣವ್ವ, ಇಲ್ಲೇ ಇದೀನಿ," ಎನ್ನುತ್ತ ಅಕ್ಕ ಕಣ್ಣು ಬಿಡುವ ಮೊದಲೇ ಎಡಗೈಯಿಂದ ಪಕ್ಕದಲ್ಲಿ ತಡಕಾಡಿದಳು.

ಸಿಕ್ಕಿದ್ದು ತಂಗಿಯ ಕೈ. ತಂಗಿ ಆ ಕೈಯನ್ನು ಹಿಡಿದುಕೊಂಡಳು. ಸೆರಗು ಬಿಡದೆ, ಅಕ್ಕನನ್ನು ಇಳಿಸಿಕೊಂಡು ಹೋದಳು.