ಹಲ್ಲು ತೋರಿಸಬಾರದು

ಚೆನ್ನೈನ ಅಡ್ಯಾರಿನ ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದಿಗೆ ಕಾದಿದ್ದ ಹೋಟೆಲಿನ ಕಿಟ್ಟಣ್ಣ, ಪಕ್ಕದ ಗಂಡಹೆಂಡಿರ ಕನ್ನಡ ಕೇಳಿ ಕಾಲುನೋವನ್ನೇ ಮರೆತ.

"ಇಪ್ಪತ್ತೈದು ವರ್ಷ ಕಾಡುಕೋತಿಗಳ ಮೇಲೆ ಸಂಶೋಧನೆ, ಒಂದು ಗೀರೂ ಇಲ್ಲ. ನಮ್ಮ ಟೆರೇಸಲ್ಲಿ ಕಚ್ಚಿಸ್ಕೊಂಡ್ಯಲ್ಲ, ಸುಗುಣಾ!"

"ಫೋಟೋಗೆ ನಗು ಅಂದೋರು ಯಾರು?"

"ಕೋತಿ ಎದುರು ಹಲ್ಲು ತೋರಿಸ್ಬೇಡಿ, ಅದು ಜಗಳಕ್ಕೆ ಕರೆದ ಹಾಗೆ ಅಂತ ಅಪಾರ್ಟ್‌ಮೆಂಟಿಗೆಲ್ಲ ಪಾಠ ಹೇಳಿದ್ದು ನೀನೇ ತಾನೆ?"

"ಮೆಲ್ಲಗೆ ರೀ! ಇಲ್ಲಿನ ನರ್ಸು ನಮ್ಮ ಮೂರನೇ ಮಹಡಿಯವಳು. ವಿಷಯ ಗೊತ್ತಾದ್ರೆ ನಾಳೆ ಮೀಟಿಂಗಲ್ಲಿ ಆ ಕೋತೀನ ಹಿಡಿಸಿ ಬೋನಿಗೆ ಹಾಕಿಸ್ತಾರೆ."

"ಕಚ್ಚಿದ್ದು ಅದೇ ಅಲ್ವೇನೇ?"

"ತಪ್ಪು ನಂದು. ಅದು ಸರಿಯಾಗೇ ನಡ್ಕೊಂಡಿದೆ."

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, ಕಚ್ಚಿದ್ದು ಏನೆಂದು ತಮಿಳಿನಲ್ಲಿ ಕೇಳಿದಳು. "ಎನ್ನ ಕಡಿಚ್ಚುದು, ಮೇಡಂ?"

"ನಾಯಿ," ಎಂದು, ಪ್ರಾಣಿಯನ್ನು ಗುರುತಿಸುವುದರಲ್ಲಿ ಜೀವಮಾನದ ಮೊದಲ ತಪ್ಪು ಮಾಡಿ, ಡಾಕ್ಟರ್ ಸುಗುಣಾ ಒಳಗೆ ನಡೆದರು.