ಚೌಡಿ ಬನದ ಪಾಲು

ಅಲ್ಲಾಡ್ಬೇಡ ಅಂದೆ! ಅರಿಶಿನ ಕಣ್ಣಿಗೆ ಹೋದ್ರೆ ಉರೀತದೆ, ಆಮೇಲೆ ಅತ್ತೆ ಬೇಕಂತಲೇ ಹಾಕಿದ್ಳು ಅಂತೀಯ... ಹ್ಞಾಂ, ಗೋಡೆಗೆ ಒರಗಿ ಕೂತ್ಕೋ. ಎಷ್ಟು ರಕ್ತ ಮಾರಾಯ್ತಿ! ನಿನ್ನ ತಳ್ಳಿದ ಆ ಸುಬ್ಬರಾಯನ ಕೈ ಸೇದಿ ಹೋಗ!

ಎಂತ? ಹಂಗೆ ಶಾಪ ಹಾಕ್ಬಾರ್ದಾ? ನಿನ್ನ ಯೇಸುಸ್ವಾಮಿ ನಿಂಗೆ ಬೇಡ ಅಂದಿರ್ಬಹುದು ಭವ್ಯ, ಈ ಯಮುನಮ್ಮನ ಬಾಯಿಗೆ ಯಾರೂ ಬೀಗ ಹಾಕ್ಲಿಲ್ಲ.

ನಿಂಗೂ ಒಂದು ಬಾಯಿ ಇದೆ ಅಲ್ವಾ? ಅಂಗಳದಲ್ಲಿ ಅಷ್ಟು ಜನ ಸೇರಿ, "ಚೌಡಿ ಪಾಲು ಗೊಬ್ಬರಗುಂಡಿಗೆ ಎಸೆದದ್ದು ನೀನೇ ಅಲ್ವಾ" ಅಂತ ಕೇಳ್ದಾಗ ಎಂತಕ್ಕೆ ಹಂಗೆ ಕಲ್ಲಾಗಿ ನಿಂತೆ? ಪ್ರಾರ್ಥನೆಗೆ ಹೋಗೋಳು ಇವಳೇ, ಎಸೆದದ್ದೂ ಇವಳೇ ಅಂತ ಅವರಾಗ್ಲೇ ತೀರ್ಮಾನ ಮಾಡ್ಕೊಂಡು ಬಂದಿದ್ರು. ನೀನು ಸುಮ್ನಿದ್ದೆ, ಒಪ್ಕೊಂಡ್ಳು ಅಂದ್ರು. ತಳ್ಳಿದ್ರು. ಮೆಟ್ಟಲಿಗೆ ಬಡಿದು ಹಣೆ ಒಡೀತು.

ನಾನಾ? ನಾನು ಒಳಗಿದ್ದೆ. ಒಲೆ ಮೇಲೆ ಹಾಲಿತ್ತು... ಎಂತಕ್ಕೆ ನಗ್ತಿ? ಹಾಲಿತ್ತು ಅಂದ್ರೆ ಇತ್ತು!

ಬನದಲ್ಲಿ ಪಾಲು ಹಂಚೋ ಆ ಭೈರಪ್ಪ ಹೇಳಿ ಹೋದದ್ದು ಕೇಳಿಸ್ತಲ್ಲ? ಹೊತ್ತು ಮುಳುಗೋದ್ರೊಳಗೆ ಮತ್ತೆ ಬರ್ತಾರೆ. ನೀನು ಅವರ ಜೊತೆ ಚೌಡಿ ಬನಕ್ಕೆ ಹೋಗ್ಬೇಕು, ತಪ್ಪುಕಾಣಿಕೆ ಇಟ್ಟು ಕಾಯಿ ಒಡೀಬೇಕು, ಇನ್ನು ಆ ಕೊಪ್ಪದ ಪ್ರಾರ್ಥನೆಗೆ ಕಾಲಿಡೋದಿಲ್ಲ ಅಂತ ಪ್ರಮಾಣ ಮಾಡ್ಬೇಕು. ಇಲ್ಲಾಂದ್ರೆ ಉಟ್ಟ ಸೀರೇಲೇ ಈ ಮನೆ ಬಿಡ್ಬೇಕು. ನನ್ನ ಮಗನೋ, ಸೋಮವಾರ ಲಾರಿ ಲೋಡು ತಗೊಂಡು ಹೋದವ, ಇನ್ನೂ ಮಂಗಳೂರಲ್ಲೇ ಇದ್ದಾನೆ. ಫೋನು ಸ್ವಿಚ್ ಆಫ್. ಬೇಕಾದಾಗ ಯಾವತ್ತು ಸಿಕ್ಕಿದ್ದಾನೆ ಮೋಹಿತ!

ಒಡಿ ಮಾರಾಯ್ತಿ, ಒಂದು ಕಾಯಿ! ಕೈ ಸವೀತದಾ? ಮನಸಲ್ಲಿ ಎಂತ ಬೇಕಾದ್ರೂ ಇಟ್ಕೋ, ಬಾಯಲ್ಲಿ ಇಲ್ಲ ಅಂದ್ರೆ ಮುಗೀತು. ನಾನು... ಎಷ್ಟೋ ಜನ ಹಂಗೇ ಬದುಕೋದು. ತಲೆ ಅಲ್ಲಾಡಿಸ್ಬೇಡ! ಗಾಯ ಮತ್ತೆ ಬಾಯಿ ಬಿಡ್ತದೆ.

ಎಲ್ಲಾ ನಿನ್ನಿಂದ್ಲೇ! ನಾನು ಶಿವಮೊಗ್ಗದ ಆಸ್ಪತ್ರೇಲಿ ಸಾಯ್ಲಿಕ್ಕೆ ಬಿದ್ದಿದ್ದೆ, ಮೂಗಿಗೆ ಪೈಪು ಹಾಕಿದ್ರು. ನೀನು ನನ್ನ ತಲೆ ಮೇಲೆ ಕೈ ಇಟ್ಟು ಅದೆಂತದೋ ಪಿಸಪಿಸ ಅಂತಿದ್ದೆ. ನಾನು ಕೇಳಿದ್ನಾ? ಬೇಕು ಅಂದ್ನಾ? ಎದ್ದು ಮನೆಗೆ ಬಂದ್ರೆ ಇಲ್ಲೂ ನಿನ್ನ ಹಾಡು. ಪಾತ್ರೆ ತಿಕ್ಕುವಾಗ, ಅಕ್ಕಿ ಆರಿಸುವಾಗ. ಈಗ ಕರು ಕಟ್ಟುವಾಗ್ಲೂ ನನ್ನ ಬಾಯಿಗೆ ಅದೇ ಬರ್ತದೆ, ಥೂ!

ಬನದಲ್ಲಿ ಚೌಡಮ್ಮನಿಗೆ ಎಡೆಯಾದ ಮೇಲೆ ಮನೆಮನೆಗೆ ಪಾಲು ಕೊಡೋದು ಅಜ್ಜನ ಕಾಲದಿಂದ ನಡ್ಕೊಂಡು ಬಂದದ್ದು. ಒಂದು ಕಾಯಿಹೋಳು, ಒಂದು ಕೋಳಿತುಂಡು, ಬಾಳೆಲೇಲಿ ಕಟ್ಟಿ ಕೊಡ್ತಾರೆ. ಬೇಡಾಂದ್ರೆ ಅಲ್ಲೇ ಬೇಡ ಅನ್ಬೇಕಿತ್ತು. ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೊತ್ತಿಕೊಂಡು, ಮನೆಗೆ ತಂದು ಎಸೆಯೋದಾ? ಎಂಥಾ ಹೇಡಿ ಕೆಲಸ! ಅದೂ ಪಕ್ಕದ ಮನೆ ಅನ್ನಪೂರ್ಣಮ್ಮನ ಆ ಹಾಳು ನಾಯಿ... ಮೇಲೆ ಎರಡು ಬುಟ್ಟಿ ಒಣ ದರಗೆಲೆ ಸುರಿದು ಮುಚ್ಚಿದ್ರೂ ನಮ್ಮ ಗುಂಡಿ ಕೆದಕಿ, ಎಲೆ ಸಮೇತ ಅವರ ಅಂಗಳಕ್ಕೇ ಎಳ್ಕೊಂಡು ಹೋಗ್ಬೇಕಾ...

ಎಂತ? ಎಂತ ಹಂಗೆ ನೋಡ್ತಿ?

ದರಗೆಲೆ ಅಂತ ಯಾರೋ ಹೇಳಿದ್ರು. ಯಾರು ಅಂದ್ರೆ... ಯಾರೋ! ಆ ಬಟ್ಟೆ ಕೊಡಿಲ್ಲಿ, ಮತ್ತೆ ರಕ್ತ ಬಂತು.

ಮಾತಾಡೇ! ಹಿಂಗೆ ನೋಡ್ತಾ ಕೂತ್ರೆ ನಂಗೆ ಹುಚ್ಚು ಹಿಡೀತದೆ. "ನಾನು ಎಸೀಲಿಲ್ಲ" ಅಂತ ಅವರ ಮುಖಕ್ಕೆ ಹೊಡೆದ ಹಂಗೆ ಹೇಳ್ಬಹುದಿತ್ತು. "ಪಾಲು ಹಂಚಿದ ಮಂಗಳವಾರ ನಾನು ಊರಲ್ಲೇ ಇರ್ಲಿಲ್ಲ, ಎನ್.ಆರ್. ಪುರದಲ್ಲಿ ಅಮ್ಮನ ಮನೇಲಿದ್ದೆ, ಮಾರನೇ ದಿನ ಬಸ್ಸಿಗೆ ಬಂದೆ" ಅಂತ. ಬೇಕಾದ್ರೆ ಕಂಡಕ್ಟರನ್ನೇ ಕೇಳಿ ಅನ್ಬೇಕಿತ್ತು! ಆಗ ಅವರು ನಿನ್ನ ಬಿಟ್ಟು...

ನಿನ್ನ ಬಿಟ್ಟು...

ಅಯ್ಯೋ. ಅದಕ್ಕೇ ಸುಮ್ನಿದ್ಯಾ?

ಯಾವಾಗಿಂದ ಗೊತ್ತು ನಿಂಗೆ? ಕರು ಕಟ್ಟುವಾಗ ಹಾಡಿದ್ದು ಕೇಳಿಸ್ಕೊಂಡ್ಯಾ? ಬೇಡ, ಹೇಳ್ಬೇಡ.

ತಿನ್ನಬೇಕು ಅಂತಲೇ ತಂದೆ ಕಣೆ. ಎಲೆ ಬಿಚ್ಚಿದೆ, ಎತ್ತಿದೆ, ಕೈ ಬಾಯಿ ತನಕ ಹೋಗ್ಲಿಲ್ಲ. ಈ ಮನೆಗೆ ಮದುವೆಯಾಗಿ ಬಂದಾಗಿಂದ ತಿಂದ ಬಾಯಿ ಇದು! ನಿನ್ನ ಸ್ವಾಮಿ ಮೇಲೆ ನಂಗೆಷ್ಟು ಸಿಟ್ಟು ಗೊತ್ತಾ? ಉಳಿಸಿದ, ಸರಿ. ಅಷ್ಟಕ್ಕೆ ಬಿಟ್ಟು ಹೋಗ್ಬಾರ್ದಿತ್ತಾ? ಈ ವಯಸ್ಸಲ್ಲಿ ನನ್ನ ಹಿಂದೆ ಬೀಳ್ಬೇಕಿತ್ತಾ?

ಶ್... ಗೇಟಿನ ಸದ್ದು. ಬಂದ್ರು.

ಎಂತಕ್ಕೆ ಏಳ್ತಿ? ಸೆರಗು ತಲೆಗೆ ಹಾಕ್ಕೊಂಡು ಎಲ್ಲಿಗೆ ಹೊರಟೆ? ಭವ್ಯಾ! ನನ್ನ ಬದಲು ಹೋಗ್ತೀಯಾ, ಒಂದು ಮಾತೂ ಆಡದೆ? ಕೂರು! ಕೂರು ಅಂದ್ರೆ ಕೂರು! ಅತ್ತೆ ಮಾತು ಯಾವತ್ತೂ ಕೇಳ್ಳಿಲ್ಲ, ಇದೊಂದು ಕೇಳು. ಹೆಗಲು ಕೊಡು ಸ್ವಲ್ಪ, ಏಳ್ತೀನಿ... ಇಲ್ಲ, ಬೇಡ. ಬಾಗಿಲು ಬಿಡು.

ಏ ಭೈರಪ್ಪಾ! ಅಲ್ಲೇ ನಿಲ್ಲು, ಮೆಟ್ಟಲು ಹತ್ತಬೇಡ. ಅವಳು ಬರೋದಿಲ್ಲ. ಮಂಗಳವಾರ ನಿನ್ನ ಕೈಯಿಂದ ಆ ಪಾಲು ತಗೊಂಡದ್ದು ಯಾರು, ನೆನಪು ಮಾಡ್ಕೋ. ಅವತ್ತು ಈ ಮನೇಲಿ ಇದ್ದದ್ದು ನಾನೊಬ್ಬಳೇ.