ಕಂಬದ ಬುಡಕ ಕುಂತಾಕಿ

ಅಲ್ಲಲೇ, ಹನ್ನೊಂದು ಮಂದಿ ಅಲ್ಲ, ಒಂಬತ್ತು. ಖೋಖೋದಾಗ ಎಂಟು ಮಂದಿ ಸಾಲಾಗಿ ಕೂಡ್ತಾರ, ಒಬ್ಬಾಕಿ ಬೆನ್ನಟ್ಟತಾಳ. ಹೇಳಿದ್ರ ಸರಿಯಾಗಿ ಹೇಳಬೇಕು. ಈಗ ಟಿವ್ಯಾಗ ಆ ಸಣ್ಣ ತಂಡ ಗೆದ್ದದ್ದಕ್ಕ ಅಜ್ಜ ಕುರ್ಚಿ ಬಿಟ್ಟು ಎದ್ದ ಅಂತ ನಗಾಕತ್ತೀರಿ, ಹೌದಿಲ್ಲ? ಕೇಳ್ರಿ ಹಂಗಾರ.

ನನ್ನ ಮೊದಲನೇ ನೌಕರಿ ಅಣ್ಣಿಗೇರಿ ಬಾಜು ಒಂದು ಹಳ್ಳ್ಯಾಗ, ಇಂಗ್ಲಿಷ್ ಮಾಸ್ತರ ಅಂತ. ನಾ ಕಲತದ್ದು ಹುಬ್ಬಳ್ಳ್ಯಾಗ, ಇಂಗ್ಲಿಷ್ ಮೀಡಿಯಂ. ಮಳಿಗಾಲದ ಎರಿ ಮಣ್ಣಾಗ ಹೆಂಗ ಕಾಲು ಇಡಬೇಕು ಅನ್ನೂದೂ ಗೊತ್ತಿರಲಿಲ್ಲ. ಖೋಲಿ ಸೋರ್ತಿತ್ತು. ಇದ್ದದ್ದು ಎರಡ ಪ್ಯಾಂಟು, ಒಂದು ಒಣಗೂದ್ರಾಗ ಇನ್ನೊಂದು ತೊಯ್ತಿತ್ತು. ರೊಟ್ಟಿ ಬಡಿಯಾಕ ಬರದ ಚುರುಮುರಿ ತಿಂದು ಮಲಗಿದ್ದೂ ಐತಿ. ಅದಿರಲಿ. ಸಾಲ್ಯಾಗ ಆಟದ ಮಾಸ್ತರ ಇರಲಿಲ್ಲ ನೋಡ್ರಿ, ಹೆಡ್ ಮಾಸ್ತರು ಹುಡಿಗ್ಯಾರ ಖೋಖೋ ತಂಡ ನನ್ನ ಕೊರಳಿಗೆ ಕಟ್ಟಿದ್ರು. ನಾ ಆಡಿದ್ದು ಕ್ರಿಕೆಟ್. ಖೋಖೋ ನಿಯಮದ ಪುಸ್ತಕ ತರಿಸಿ ಬಾಯಿಪಾಠ ಮಾಡಿದೆ, ಅಷ್ಟ.

ತಾಲೂಕಿನ ಫೈನಲ್ ತನಕ ಬಂದ್ವಿ. ಎದುರಿಗೆ ಪ್ಯಾಟಿ ಸಾಲಿ. ಆರು ವರ್ಷದಿಂದ, ಇಲ್ಲ ತಡೀರಿ, ಏಳು ವರ್ಷದಿಂದ ಗೆದ್ದ ಢಾಲು ಅವರ ಸಾಲಿ ಬಿಟ್ಟು ಹೊರಗ ಬಂದಿರಲಿಲ್ಲ. ಅವರಿಗೆ ಬೂಟು, ನಮ್ಮವರಿಗೆ ಬರಿಗಾಲು. ಹಿಂದಿನ ದಿನ ನಮ್ಮ ತಂಡದ ಕಸ್ತೂರಿಗೆ ಜ್ವರ ಬಂತು. ಹೆಡ್ ಮಾಸ್ತರು ನನ್ನ ಬಾಜೂಕ ಕರದು, ಹೋದ ವರ್ಷ ಸಾಲಿ ಬಿಟ್ಟಾಕಿ ಒಬ್ಬಾಕಿ ಅದಾಳ, ಗಾಳಿ ಹಂಗ ಓಡ್ತಾಳ, ಕಸ್ತೂರಿ ಹೆಸರಿನ ಮ್ಯಾಲ ಆಡಸ್ರಿ, ಯಾರು ನೋಡ್ತಾರ ಅಂದ್ರು.

"ನಾ ನೋಡ್ತೀನ್ರಿ," ಅಂದೆ.

ಮಾತು ತಂಡಕ್ಕ ಮುಟ್ಟಿತು. ಕ್ಯಾಪ್ಟನ್ ರತ್ನಾ ಹತ್ತನೇ ಕ್ಲಾಸಿನಾಕಿ, ಆಕಿಗೆ ಇದ ಕಡೀ ಆಟ. ಕಣ್ಣಾಗ ನೀರು ತಂದು, "ಸರ್, ನಿಮಗ ಹೆಸರು ದೊಡ್ಡದಾತು, ನಾವು ಸೋಲೂದು ದೊಡ್ಡದಾಗಲಿಲ್ಲ," ಅಂದ್ಳು. ಆ ರಾತ್ರಿ ತಂಡದ ಪಟ್ಟಿ ಮುಂದ ಇಟ್ಟುಕೊಂಡು ಕುಂತೆ. ಆದ್ರ ಸುಳ್ಳು ಹೆಸರು ಬರೀಲಿಲ್ಲ.

ಪಟ್ಟ್ಯಾಗ ಉಳದಾಕಿ ಅಂದ್ರ ಮಲ್ಲವ್ವ ಒಬ್ಬಾಕಿ. ದಪ್ಪ ಹುಡಿಗಿ, ಸಾವಕಾಶ ನಡಿಯಾಕಿ, ಬಿಂದಗಿ ತುಂಬಿ ನೀರು ಕೊಡಾಕ ತಂಡದ ಕೂಡ ಬರಾಕಿ. ಆಕಿನ್ನ ಎಲ್ಲಿ ಕೂಡಸಬೇಕು? ನಟ್ಟನಡುವ ಕೂಡಿಸಿದ್ರ ಆಟ ಕೆಡತೈತಿ ಅಂತ ತುದಿಗೆ, ಕಂಬದ ಬುಡಕ ಕೂಡಿಸಿದೆ. ಹುಡಿಗ್ಯಾರು ಒಬ್ಬರ ಮುಖ ಒಬ್ಬರು ನೋಡಿದ್ರು. ಖೋಖೋದಾಗ ಕಂಬದ ಬುಡಕ ಕೂಡಾಕೀಗೆ ಎಲ್ಲಾರಕಿಂತ ಹೆಚ್ಚು ಕೆಲಸ, ಬೆನ್ನಟ್ಟಾಕಿ ಬಾಜು ಬದಲಿ ಮಾಡಬೇಕಂದ್ರ ಕಂಬಾನ ಸುತ್ತಬೇಕು. ಅಲ್ಲಿ ಯಾರನ್ನ ಕೂಡಸಬೇಕು ಅನ್ನೂದನ್ನ ಪುಸ್ತಕದಾಗ ಬರದಿರಲಿಲ್ಲಲೇ!

ಆಟ ನಡೀತು. ಕಡೀಗೆ ಎರಡೂ ತಂಡ ಸರಿಸಮ. ನಮ್ಮದು ಬೆನ್ನಟ್ಟೂ ಪಾಳಿ, ವ್ಯಾಳ್ಯಾ ಒಂದು ನಿಮಿಷಾನೂ ಉಳದಿಲ್ಲ. ಮುಂದ ಓಡಾಕಿ ಅವರ ಕ್ಯಾಪ್ಟನ್, ಉದ್ದನ್ನ ಹುಡಿಗಿ, ಜಿಂಕಿ. ರತ್ನಾ ಬೆನ್ನ ಹತ್ತಿದ್ಳು, ತುದಿ ತನಕ ಬಂದು ಮಲ್ಲವ್ವನ ಬೆನ್ನು ಮುಟ್ಟಿ ಖೋ ಕೊಟ್ಳು. ಮಲ್ಲವ್ವ ಈ ಬಾಜು ಎದ್ಳು, ಅವರ ಕ್ಯಾಪ್ಟನ್ ಸರ್ರನ ಆ ಬಾಜು ನುಸುಳಿದ್ಳು. ನುಸುಳಿ ನಿಂತ್ಳು ನೋಡ್ರಿ, ಈ ದಪ್ಪಗಿನಾಕಿ ಕಂಬ ದಾಟಿ ನಾಕು ಹೆಜ್ಜಿ ಹೊರಗ ಹೋಗಿ ತಿರಗೂದ್ರಾಗ ಹೊತ್ತು ಮುಳಗತೈತಿ ಅಂತ. ಮಲ್ಲವ್ವ ಹೊರಗ ಹೋಗಲೇ ಇಲ್ಲ. ಕಂಬಕ್ಕ ಕೈ ಹಚ್ಚಿದ್ಳು, ಅದನ್ನ ಸುತ್ತಿ ಇದ್ದಲ್ಲೇ ಗಿರ್ರನ ತಿರಗಿದ್ಳು, ತಿರಗಿದಾಕೀನ ಆ ಹುಡಿಗಿ ಹೆಗಲ ಮ್ಯಾಲ ಛಟ್ ಅಂತ ಕೈ ಇಟ್ಳು. ಸೀಟಿ! ಗೆದ್ದ್ವಿ! ನಾ ಶಿಸ್ತಿನ ಮನಷ್ಯಾ, ಕುಣದೆ. ಒಂದು ಚಪ್ಪಲ ಹಾರಿ ಅಂಪೈರರ ಟೇಬಲ್ ಮ್ಯಾಲ ಬಿತ್ತು.

ಅದನ್ನ ಎಲ್ಲಿ ಕಲತಿ ಬೇ ಅಂತ ಆಕಿನ್ನ ಕೇಳಿದೆ.

"ಕಣದಾಗ್ರಿ ಸರ್. ಸುಗ್ಗ್ಯಾಗ ತೆನಿ ತುಳಸಾಕ ಎತ್ತು ಕಟ್ಟಿ ಹಂತಿ ಹೊಡೀತೀವಲ್ರಿ, ಹೊರಗಿನ ಎತ್ತು ಓಡಿ ಸಾಯತೈತಿ, ನಡುವಿನ ಮೇಟಿಕಂಬದ ಬಾಜೂಕಿನ ಎತ್ತು ಇದ್ದಲ್ಲೇ ಸುತ್ತತೈತಿ. ನಾ ಅದರ ಕೂಡ ಸುತ್ತಾಕೀರಿ."

ಮರುದಿನ ಪ್ರಾರ್ಥನಾದಾಗ ಹೆಡ್ ಮಾಸ್ತರು, ಇಂಗ್ಲಿಷ್ ಮಾಸ್ತರ ಯುಕ್ತಿ ಎಂಥಾದ್ದು ಅಂತ ಹೊಗಳಾಕತ್ತಿದ್ರು. ನಾ ಸುಮ್ಮನ ಇರಬೇಕಿತ್ತೇನು? ಸುಳ್ಳು ಹೆಸರು ಬ್ಯಾಡ ಅಂದಾವ ಸುಳ್ಳು ಹೊಗಳಿಕಿ ಹೆಂಗ ತಗೊಳ್ಳಲಿ? ಎಲ್ಲಾರ ಮುಂದ ಹೇಳಿದೆ: ಯುಕ್ತಿ ಅಲ್ಲ, ನನಗ ಆಟ ತಿಳೀತಿರಲಿಲ್ಲ, ಈ ಹುಡಿಗಿ ಕಡಿಂದ ಏನೂ ಆಗೂದಿಲ್ಲ ಅಂತ ಮೂಲ್ಯಾಗ ಮುಚ್ಚಿಟ್ಟಿದ್ದೆ. ಮಲ್ಲವ್ವ, ತಪ್ಪಾತವಾ.

ಮಲ್ಲವ್ವ ನಿಂತಲ್ಲಿಂದಾನ ಅಂದ್ಳು, "ಗೊತ್ತಿತ್ರಿ ಸರ್. ಜಾಗಾ ಚಲೋ ಇತ್ತು, ಅದಕ್ಕ ಸುಮ್ಮನ ಕುಂತೆ."

ಅಷ್ಟಲೇ. ಬರೂದಿಲ್ಲ ಅಂತ ಯಾರನ್ನೂ ಎಬ್ಬಿಸಿ ಕಳಸಬ್ಯಾಡ್ರಿ, ಎಲ್ಲ್ಯಾರ ಒಂದು ಜಾಗಾ ಕೊಟ್ಟು ಕೂಡಸ್ರಿ. ಏಳ್ರಿ ಇನ್ನ, ಕೈ ತೊಳಕೊಳ್ರಿ, ರೊಟ್ಟಿ ಆರತಾವು.